ವಿಲನ್ ಮನೆ ಬಾರು, ನಮ್ಮ ಮನೆ ಕಪಾಟು

ಸಿನಿಮಾ ನೋಡುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆರೆಯ ಮೇಲೆ ದೊಡ್ಡ ಹಾಲ್. ಎರಡೂ ಕಡೆಯಿಂದ ಬಾಗಿ ಬರುವ ಮೆಟ್ಟಿಲು. ಮೂಲೆಯಲ್ಲೊಂದು ಅರ್ಧಚಂದ್ರದ ಕೌಂಟರ್, ಅದರ ಹಿಂದೆ ಕನ್ನಡಿ, ಕನ್ನಡಿಯ ಮುಂದೆ ಸಾಲು ಸಾಲು ಬಾಟಲಿ... ಇಷ್ಟು ಕಂಡರೆ ಸಾಕು, 'ಇದು ವಿಲನ್ ಮನೆ' ಅಂತ ಗಾಂಧಿ ಕ್ಲಾಸಿನ ಹುಡುಗನೂ ಹೇಳಿಬಿಡುತ್ತಾನೆ. ಇನ್ನು ವಜ್ರಮುನಿಯವರೋ, ತೂಗುದೀಪ ಶ್ರೀನಿವಾಸರೋ ಗೌನ್ ತೊಟ್ಟು ಇಳಿದು ಬರುವುದಷ್ಟೇ ಬಾಕಿ! ನಾಯಕನ ಮನೆಯಲ್ಲಿ ತುಳಸಿಕಟ್ಟೆ, ಖಳನಾಯಕನ ಮನೆಯಲ್ಲಿ ಬಾರು. ನಮ್ಮ ಚಿತ್ರರಂಗದಲ್ಲಿ ಬಹಳ ಕಾಲ ನಡೆದ ಲೆಕ್ಕ ಇದು.

ಆ ಬಾಟಲಿಯೊಳಗೆ ಇದ್ದದ್ದೇನು ಗೊತ್ತೇನ್ರೀ? ಸಾಮಾನ್ಯವಾಗಿ ಹಾಲಿಲ್ಲದ ಚಹಾ, ಇಲ್ಲವೇ ನೀರು ಬೆರೆಸಿದ ಕೋಲಾ. ಲೈಟಿನ ಬಿಸಿಗೆ ಐಸು ಕರಗಿ ಹೋಗುತ್ತದೆಂದು ಪ್ಲಾಸ್ಟಿಕ್ ತುಂಡು ಹಾಕುವುದೂ ಉಂಟು. ಇನ್ನು ಹಿಂದಿಯ ಜಾನಿ ವಾಕರ್ ಸಮಾಚಾರ ಕೇಳಿ. ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ. ಕುಡುಕನ ನಟನೆ ನೋಡಿ ಗುರುದತ್ ಮೆಚ್ಚಿ ವಿಸ್ಕಿಯ ಹೆಸರನ್ನೇ ಇಟ್ಟುಬಿಟ್ಟರು. 1951ರ 'ಬಾಜಿ'ಯಿಂದ ಶುರುವಾಗಿ ಮುನ್ನೂರರ ಹತ್ತಿರ ಚಿತ್ರಗಳು. ಆದರೆ ಸ್ವತಃ ಹನಿ ಮುಟ್ಟದ ಆಸಾಮಿ!

ಇದನ್ನೆಲ್ಲ ಈ ವಾರ ಯಾಕೆ ನೆನೆಸಿಕೊಂಡೆ ಅಂದರೆ, ನಮ್ಮ ಸಿಂದಗಿಯಲ್ಲೇ ಒಬ್ಬ ಗೆಳೆಯ ಮನೆಯೊಳಗೆ ಬಾರ್ ಮಾಡಿದ್ದಾನೆ. ವಿಲನ್ ಅಲ್ಲ. ಪುಣೆಯಲ್ಲಿ ಏಳೆಂಟು ವರ್ಷ ದುಡಿದು, ಹೆಂಡತಿ, ಆರು ವರ್ಷದ ಮಗಳನ್ನು ಕರೆದುಕೊಂಡು ತಾಯಿಯ ಹತ್ತಿರ ತಿರುಗಿ ಬಂದವನು. ವಾರಕ್ಕೊಮ್ಮೆ, ಶನಿವಾರ ರಾತ್ರಿ, ಒಂದೋ ಎರಡೋ ಗ್ಲಾಸು. ಅದಕ್ಕೆ ಬೈಪಾಸಿನ ಧಾಬಾಕ್ಕೆ ಹೋಗಿ ಕತ್ತಲೆಯಲ್ಲಿ ಮೋಟರ್ ಸೈಕಲ್ ಹೊಡೆದುಕೊಂಡು ಬರುವುದು ಬೇಡ, ಮನೆಯಲ್ಲೇ ಕೂಡೋಣ ಅಂತ ಅವನ ವಿಚಾರ.

"ನೀ ಸಿನಿಮಾದಾಗಿನ ಬಾರ್ ಭಾಳ ನೋಡಿ. ಹ್ಯಾಂಗ ಮಾಡಬೇಕು ಹೇಳು ಬಾ" ಅಂತ ನನಗೇ ಫೋನು. ಹೋದೆ.

ನಮ್ಮ ಕಡೆಯ ಹಳೇ ಮನೆ ನಿಮಗೆ ಗೊತ್ತು. ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಜಂತಿ, ಗೋಡೆಯೊಳಗೇ ಮಾಡ, ಗೋಡೆಯೊಳಗೇ ಕಪಾಟು. ಪಡಸಾಲೆಯ ಕಪಾಟು ಎರಡೂವರೆ ಅಡಿ ಅಗಲ, ಮೂರು ಮುಕ್ಕಾಲು ಅಡಿ ಎತ್ತರ, ಹದಿನೈದು ಇಂಚು ಒಳಗೆ. ಅವನ ತಾಯಿ ಅದರಲ್ಲಿ ಉಪ್ಪಿನಕಾಯಿ ಭರಣಿ ಇಡುತ್ತಿದ್ದರು. ಭರಣಿ ತೆಗೆದು ಕೆಳಗಿಟ್ಟು ಸುಮ್ಮನೆ ಕೂತಿದ್ದರು. ನನ್ನನ್ನು ನೋಡಿ ಒಂದೇ ಮಾತು: "ನೀನೂ ಬಂದ್ಯಾ ಸಲಹಾ ಕೊಡಾಕ?"

ಆ ಮಾತಿನ ಹಿಂದೆ ಒಂದು ಕತೆ ಇದೆ. ಗೆಳೆಯನ ತಂದೆ ತೀರಿಕೊಂಡು ಆರು ವರ್ಷ. ಊರಿಗೆಲ್ಲ ಮರ್ಯಾದಸ್ಥರು. ಮನೆಯಲ್ಲಿ ಒಂದು ದಿನ ಯಾರೆದುರೂ ಕುಡಿದವರಲ್ಲ. ಅವರು ಹೋದ ಮೇಲೆ ಜೋಳದ ಚೀಲ ಸರಿಸಿದಾಗ ಹಿಂದುಗಡೆ ಖಾಲಿ ಕ್ವಾರ್ಟರ್ ಬಾಟಲಿ ಸಿಕ್ಕವು. ಎಣಿಸಿದರೆ ಐವತ್ತೆರಡು! ಹೊಲದ ಪಂಪಿನ ಮನೆಯಲ್ಲಿ ಇನ್ನೂ ಎಷ್ಟೋ. ಡಾಕ್ಟರು ಲಿವರ್ ಅಂದಾಗ ಮನೆಯವರಿಗೆ ಮೊದಲು ನಂಬಿಕೆಯೇ ಆಗಿರಲಿಲ್ಲ. ತಾಯಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಮುಚ್ಚಿಟ್ಟದ್ದನ್ನು ಬಿಚ್ಚಿ ಕೇಳುವುದು ಹೇಗೆ?

ಮುಚ್ಚಿಡುವ ಈ ಚಾಳಿ ನಮ್ಮ ಜಿಲ್ಲೆಗೆ ಎಲ್ಲಿಂದ ಬಂತು ಅಂತ ನೋಡಿದರೆ ಕಾನೂನಿನ ಪಾಲೂ ಉಂಟು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದವರು. ಅಲ್ಲಿ 1949ರ ಪಾನನಿಷೇಧ ಕಾಯ್ದೆ. ಕುಡಿಯಬೇಕಾದರೆ ಪರ್ಮಿಟ್! ಸೋಲಾಪುರದ ಕಡೆ ಹೋದರೆ ಬಾರಿನ ಬೋರ್ಡಿನ ಮೇಲೆ 'ಪರ್ಮಿಟ್ ರೂಮ್' ಅಂತ ಕಾಣುತ್ತದಲ್ಲ, ಆ ಕಾಲದ ಪಳೆಯುಳಿಕೆ ಅದು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಿಷೇಧ ಮುಂದುವರಿದು, 1967ರಲ್ಲಿ ತೆರವಾಯಿತು. ಒಂದು ತಲೆಮಾರಿನ ಗಂಡಸರು ಕುಡಿಯುವುದನ್ನು ಕಲಿತದ್ದೇ ಕದ್ದು. ಕಾಯ್ದೆ ಹೋಯಿತು, ಕದಿಯುವ ಅಭ್ಯಾಸ ಉಳಿಯಿತು. ಆಮೇಲೆ ಸಾರಾಯಿ ಕಾಲ. 1992ರಲ್ಲಿ ದೊರೆ-ಭಗವಾನ್ ಜೋಡಿಯ 'ಜೀವನ ಚೈತ್ರ' ಬಂತು. ಸಾರಾಯಿಯ ವಿರುದ್ಧ ನಿಂತ ಜೋಡಿದಾರನಾಗಿ ಡಾ. ರಾಜ್. ಆ ಚಿತ್ರ ನೋಡಿ ಎಷ್ಟೋ ಹಳ್ಳಿಯಲ್ಲಿ ಅಂಗಡಿ ಮುಚ್ಚಿಸಿದರು ಅಂತ ಇವತ್ತಿಗೂ ಹೇಳುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ಬಂದ್ ಆಯಿತು. ಆದರೆ ಜೋಳದ ಚೀಲದ ಹಿಂದಿನ ಕ್ವಾರ್ಟರ್ ಬಂದ್ ಆಗಲಿಲ್ಲ.

ಇರಲಿ, ಕಪಾಟಿಗೆ ಬರೋಣ.

ಬಡಿಗ್ಯಾ ಬಂದವನು ಅಳತೆ ಹಿಡಿದ. ನಲವತ್ತೈದು ಇಂಚು ಎತ್ತರವನ್ನು ಮೂರು ಭಾಗ ಮಾಡಿದೆವು. ಕೆಳಗಿನದು ಹದಿನಾಲ್ಕು ಇಂಚು. ಫುಲ್ ಬಾಟಲಿ ಒಂದು ಅಡಿಯ ಆಸುಪಾಸು ಇರುತ್ತದೆ, ಎತ್ತಿ ತೆಗೆಯಲು ಮೇಲೆ ಎರಡಿಂಚು ಬೇಕು. ನಡುವಿನದು ಹದಿನೆಂಟು ಇಂಚು. ಇದು ಕೆಲಸದ ಜಾಗ. ಬಾಟಲಿ ಬಗ್ಗಿಸಿ ಸುರಿಯಬೇಕಲ್ಲ, ಮೊಣಕೈಗೆ ಅಡ್ಡಿ ಆಗಬಾರದು. ಮೇಲಿನದು ಹತ್ತು ಇಂಚು, ಗ್ಲಾಸಿಗೆ. ಒಂದೂವರೆ ಇಂಚಿನ ಎರಡು ಹಲಗೆ ಸೇರಿದರೆ ಲೆಕ್ಕ ಸರಿ.

ಹಿಂದೆ ಕನ್ನಡಿ ಬೇಕೇ ಬೇಕು ಅಂದ ಗೆಳೆಯ. ಅದು ಸೆಟ್ಟಿನವರ ಉಪಾಯ, ಆರು ಬಾಟಲಿ ಹನ್ನೆರಡಾಗಿ ಕಾಣುತ್ತವೆ. ನಾನು ಬೇಡ ಅಂದೆ. ಮನೆಯಲ್ಲಿ ಇದ್ದಷ್ಟು ಇದ್ದಷ್ಟೇ ಕಾಣಲಿ. ಅಲ್ಲದೆ ಮಣ್ಣಿನ ಗೋಡೆಗೆ ತೇವ ಬರುತ್ತದೆ, ಕನ್ನಡಿಯ ಬೆನ್ನು ಕರ್ರಗಾಗುತ್ತದೆ. ಸುಣ್ಣ ಬಳಿದು, ಗೆದ್ದಲಿಗೆ ಔಷಧ ಹೊಡೆದು, ಒಂದು ಸಣ್ಣ ಎಲ್.ಇ.ಡಿ. ದೀಪ ಸಾಕು. ಹಳೇ ಬಲ್ಬು ಬೇಡ. ಸ್ಪಿರಿಟ್ ಇರುವ ಜಾಗದಲ್ಲಿ ಬಿಸಿ ಸಲ್ಲದು. ಕಪಾಟಿನ ಬೆನ್ನಿಗೆ ಅಡುಗೆ ಒಲೆಯ ಗೋಡೆ ಇದ್ದರೆ ಆ ಕಪಾಟನ್ನೇ ಬಿಡಿ. ನಮ್ಮಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ರಮ್ಮು, ವಿಸ್ಕಿ ತಡೆದುಕೊಳ್ಳುತ್ತವೆ, ವೈನು ಕೆಟ್ಟು ಹುಳಿಯಾಗುತ್ತದೆ. ಬಾಟಲಿ ನೆಟ್ಟಗೆ ನಿಲ್ಲಲಿ. ವಿಸ್ಕಿಯನ್ನು ಮಲಗಿಸಿಟ್ಟರೆ ಬಿರಡೆ ಕೆಡುತ್ತದೆ.

ನಡುವಿನ ಹಲಗೆಯ ಮೇಲೆ ಶಹಾಬಾದ ಫರ್ಸಿ ಹಾಸೋಣ, ತೊಳೆಯಲು ಸಸಾರ ಅಂತ ಬಡಿಗ್ಯಾ ಅಂದ. ಅಲ್ಲೇ ತಾಯಿ ಮೊದಲ ಬಾರಿಗೆ ಬಾಯಿ ಹಾಕಿದರು: "ಅದರ ಮ್ಯಾಲ ಲಿಂಬಿಹಣ್ಣು ಹಿಂಡಿದರ ಬೆಳ್ಳಗ ಕಲೆ ಬೀಳ್ತದ." ನಿಜ! ಶಹಾಬಾದಿ, ತಾಳಿಕೋಟಿ ಎರಡೂ ಸುಣ್ಣಕಲ್ಲಿನ ಜಾತಿ, ಹುಳಿ ಬಿದ್ದರೆ ಕಲ್ಲನ್ನೇ ತಿನ್ನುತ್ತದೆ. ಗ್ರಾನೈಟ್ ತುಂಡು ಹಾಕಿ, ಮೇಲೊಂದು ಸ್ಟೀಲ್ ತಾಟು ಇಟ್ಟೆವು. ಇಷ್ಟು ಪುಸ್ತಕ ಓದಿದವರಿಗೆ ಹೊಳೆಯದ ಮಾತು ಉಪ್ಪಿನಕಾಯಿ ಹಾಕುವವರಿಗೆ ಹೊಳೆಯಿತು.

ಇನ್ನು ಕೊನೆಯ ಪ್ರಶ್ನೆ. ಬಡಿಗ್ಯಾ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಕೇಳಿದ: "ಬಾಗಲಾ ಹ್ಯಾಂಗ್ರಿ? ಕಟಗೀದೋ, ತೆರೆದ ಬಿಡೂದೋ?"

ಎಲ್ಲರೂ ಸುಮ್ಮನಾದೆವು. ಕಟ್ಟಿಗೆ ಬಾಗಿಲು ಹಾಕಿದರೆ ಮತ್ತೆ ಅದೇ ಜೋಳದ ಚೀಲ. ಹೊರಗಿನಿಂದ ಏನೂ ಕಾಣದು. ತೆರೆದು ಬಿಟ್ಟರೆ ಮನೆಯಲ್ಲಿ ಆರು ವರ್ಷದ ಹುಡುಗಿ. ಬಣ್ಣದ ನೀರು ಅಂತ ಒಂದು ಗುಟುಕು ಕುಡಿದರೆ ಮುಗಿಯಿತು. ಸಣ್ಣ ಮಕ್ಕಳಿಗೆ ಸ್ವಲ್ಪ ಪ್ರಮಾಣವೂ ಜೀವಕ್ಕೆ ಎರವಾಗಬಹುದು.

ತಾಯಿಯೇ ಬಿಡಿಸಿದರು. "ಗಾಜಿನ ಬಾಗಲಾ ಮಾಡು, ಕೀಲಿ ಹಾಕು. ಕಾಣಬೇಕು, ಕೈಗೆ ಸಿಗಬಾರದು." ಸ್ವಲ್ಪ ತಡೆದು ಇನ್ನೊಂದು ಮಾತು: "ನಿಮ್ಮಪ್ಪಗ ಬ್ಯಾಡ ಅಂದಿದ್ದರ ಕೇಳ್ತಿದ್ದರೋ ಇಲ್ಲೋ ಗೊತ್ತಿಲ್ಲ. ಎಷ್ಟಾತು ಅಂತ ಕೇಳಾಕರ ಬರ್ತಿತ್ತು. ಮುಚ್ಚಿಟ್ಟದ್ದಕ್ಕ ಲೆಕ್ಕ ಇರಂಗಿಲ್ಲ ತಮ್ಮಾ."

ಗಾಜಿನ ಬಾಗಿಲಾಯಿತು. ಕೀಲಿ ತಾಯಿಯ ಸೊಂಟಕ್ಕೆ.

ಲೆಕ್ಕದ ಮಾತು ಬಂತಲ್ಲ, ಸ್ವಲ್ಪ ಲೆಕ್ಕ ನೋಡೋಣ. ಫುಲ್ ಬಾಟಲಿ 750 ಮಿ.ಲೀ. ದೊಡ್ಡ ಪೆಗ್ 60. ಅಂದರೆ ಹನ್ನೆರಡೂವರೆ ಪೆಗ್. ನಮ್ಮ ದೇಶದ ರಮ್ಮು, ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. ಒಂದು ಪೆಗ್ಗಿಗೆ ಸುಮಾರು 26 ಮಿ.ಲೀ. ಶುದ್ಧ ಸ್ಪಿರಿಟ್. "ಬೀರಿಗೇನು ಬಿಡ್ರೀ, ಬಾರ್ಲಿ ನೀರು" ಅನ್ನುವವರು ಕೇಳಿ: ಶೇ. 8ರ ಸ್ಟ್ರಾಂಗ್ ಬೀರು 650 ಮಿ.ಲೀ. ಕುಡಿದರೆ 52 ಮಿ.ಲೀ. ಹೊಟ್ಟೆಗೆ ಹೋಯಿತು. ಎರಡು ದೊಡ್ಡ ಪೆಗ್ಗಿಗೆ ಸಮ! ಕಣ್ಣಳತೆಯಲ್ಲಿ ಸುರಿದರೆ 60 ಅನ್ನುವುದು ಸಲೀಸಾಗಿ 90 ಆಗುತ್ತದೆ. ಆದ್ದರಿಂದ ಮನೆ ಬಾರಿಗೆ ಮೊದಲು ಕೊಳ್ಳಬೇಕಾದದ್ದು ಬಣ್ಣದ ಗ್ಲಾಸಲ್ಲ, 30-60ರ ಅಳತೆಯ ಬಟ್ಟಲು.

ಹಾಗೆಯೇ, 1965ರ ಅಬಕಾರಿ ಕಾಯ್ದೆ ಪ್ರಕಾರ ಮನೆಯಲ್ಲಿ ಇಷ್ಟೇ ಇಡಬಹುದು ಅಂತ ಮಿತಿ ಉಂಟು. ಅಬಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ಗೆಳೆಯರಿಗೆ ಕೊಟ್ಟದ್ದಕ್ಕೆ ಕಾಸು ಪಡೆದಿರೋ, ಅದು ಲೈಸೆನ್ಸ್ ಇಲ್ಲದ ಮಾರಾಟ!

ಈಗ ಗ್ಲಾಸಿನ ಸಮಾಚಾರ. ಕಾಕ್‌ಟೇಲ್ ಅಂದರೆ ಪರದೇಶದ ಪದಾರ್ಥ ಅಂತ ಹೆದರಬೇಡಿ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಲಿಂಬೆಹಣ್ಣು. ಲಿಂಬೆಗೆ ನಮ್ಮ ಇಂಡಿ, ಸಿಂದಗಿ ಬಿಟ್ಟರೆ ಉಂಟೇ? 2023ರಲ್ಲಿ ಇಂಡಿ ಲಿಂಬೆಗೆ ಜಿ.ಐ. ಮಾನ್ಯತೆಯೂ ಸಿಕ್ಕಿದೆ. ಕ್ಯೂಬಾ ದೇಶದ ಊರೊಂದರ ಹೆಸರಿನ 'ಡೈಕ್ವಿರಿ' ಅಂತ ಒಂದು ಪಾನೀಯ. ರಮ್ಮು 60 ಮಿ.ಲೀ., ಆಗಷ್ಟೇ ಹಿಂಡಿದ ಲಿಂಬೆರಸ 25, ಸಕ್ಕರೆ ಪಾಕ 20. ಐಸು ಹಾಕಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹತ್ತು ಹದಿನೈದು ಸೆಕೆಂಡು ಕುಲುಕಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ. ಮುಗಿಯಿತು. ರಮ್ಮು ಬಿಟ್ಟು ಸೋಡಾ, ಚಿಟಿಕೆ ಉಪ್ಪು ಹಾಕಿದರೆ ಮಗಳಿಗೂ, ತಾಯಿಗೂ ಆಯಿತು. ಶನಿವಾರ ಆ ಮನೆಯಲ್ಲಿ ನಾಲ್ಕು ಗ್ಲಾಸು ತುಂಬುತ್ತವೆ. ಒಂದರಲ್ಲಿ ಮಾತ್ರ ರಮ್ಮು.

ಇದನ್ನು ಓದಿ ನಾಳೆಯೇ ಬಡಿಗೇರನನ್ನು ಕರೆಯಬೇಡಿ ಸ್ವಾಮಿ. ಮನೆಯಲ್ಲಿ ಒಂದಕ್ಕೆ ನಿಲ್ಲಿಸಲಾಗದವರು ಯಾರಾದರೂ ಇದ್ದರೆ ಆ ಕಪಾಟಿನಲ್ಲಿ ಭರಣಿಯೇ ಇರಲಿ. ಗಾಜಿನ ಬಾಗಿಲು, ಕೀಲಿ ಯಾವುದೂ ಅವರನ್ನು ತಡೆಯವು. ಅವರಿಗೆ ಬೇಕಾದದ್ದು ಡಾಕ್ಟರು. ಕುಡಿಯದವರು ಕುಡಿಯಲು ಕಾರಣ ಹುಡುಕಬೇಕಾಗಿಯೂ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೇ ಶರಣರ ಸಾಲಿನಲ್ಲಿ ಕೂತ ನಾಡು ನಮ್ಮದು. ಹೆಂಡ ಎದುರಿಗಿದ್ದರೆ ಸಾಕು, ಮನುಷ್ಯ ಕೆಡುತ್ತಾನೆ ಅಂತೇನೂ ಇಲ್ಲ.

ಹೋದ ಶನಿವಾರ ಮತ್ತೆ ಹೋಗಿದ್ದೆ. ಮೇಲಿನ ಹಲಗೆಯಲ್ಲಿ ಗ್ಲಾಸಿನ ಪಕ್ಕ ಉಪ್ಪಿನಕಾಯಿಯ ಸಣ್ಣ ಭರಣಿ ಮರಳಿ ಬಂದು ಕೂತಿದೆ. ರಮ್ಮಿನ ಬಾಟಲಿಯ ಮೈಗೆ ಉದ್ದಕ್ಕೂ ಒಂದು ಬಿಳಿ ಕಾಗದ ಅಂಟಿಸಿದ್ದಾರೆ. ಅಂಚನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದೆ. ಹಿಂದಿನ ಕಾಲದಲ್ಲಿ ಸರಕಾರಿ ದವಾಖಾನೆಯಲ್ಲಿ ಔಷಧದ ಬಾಟಲಿಗೆ ಅಂಟಿಸುತ್ತಿದ್ದರಲ್ಲ, ಒಂದು ಹಲ್ಲಿಗೆ ಒಂದು ಹೊತ್ತು, ಥೇಟ್ ಹಾಗೆ. ಎಣಿಸಿದೆ. ಹನ್ನೆರಡು ಹಲ್ಲು. ಐದು ಇಳಿದಿದ್ದವು.

"ಯಾರು ಅಂಟಿಸಿದ್ದು?" ಅಂದೆ. ಗೆಳೆಯ ತಾಯಿಯ ಕಡೆ ನೋಡಿದ. ಅವರು ಲಿಂಬೆಹಣ್ಣು ಕೊಯ್ಯುತ್ತಾ, ತಲೆ ಎತ್ತದೆ ಅಂದರು: "ನಾಲ್ಕು ವಾರಕ್ಕ ಐದು. ಒಂದು ವಾರ ಎರಡು ತಗೊಂಡಾನ. ನಾ ಕೇಳೇನಿ, ಅಂವಾ ಹೇಳ್ಯಾನ."

ಯಾಕೆ ಎರಡು ಅಂತ ನಾನು ಕೇಳಲಿಲ್ಲ. ಅದು ತಾಯಿ ಮಗನ ನಡುವಿನ ಮಾತು.

ಬರುವ ವಾರ ಸಿಗೋಣ.