ಗದ್ದುಗೆ ಬರಿಯ ಮಸಣವೆ?

ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನೇರುವ ಯಾತ್ರಿಕನು ಗುಡಿಯ ಒಂದೊಂದು ಕಲ್ಲನ್ನೂ ಕೊಂಡಾಡುವನು. ಅವನೇ ಮಡಿಕೇರಿಗೆ ಹೋದರೆ ಅಲ್ಲಿನ ರಾಜರ ಗದ್ದುಗೆಯ ಬಾಗಿಲಲ್ಲಿ ಹಿಂಜರಿಯುವನು. ಕಾರಣ ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ಅದು ಮಸಣ, ಅದರ ಗುಮ್ಮಟಗಳು ಪರಕೀಯ. ಇವೆರಡೂ ಪರೀಕ್ಷೆಗೆ ನಿಲ್ಲತಕ್ಕವಲ್ಲ.

ಹಾಲೇರಿಯ ಅರಸರು ವೀರಶೈವರು. ಆ ಮತದವರು ದೇಹವನ್ನು ಸುಡುವುದಿಲ್ಲ, ಸಮಾಧಿ ಮಾಡುತ್ತಾರೆ. ಪೂಜ್ಯರ ಸಮಾಧಿಯು ಅವರಿಗೆ ಪೂಜಾಸ್ಥಾನ. ಗದ್ದುಗೆಯೆಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಮಾತಿನಲ್ಲಿಯೇ ಇರುವ ಈ ಗೌರವವನ್ನು ಮರೆತು, ಮೈಲಿಗೆಯ ಹೆಸರಿನಲ್ಲಿ ದೂರ ನಿಲ್ಲುವುದು ಆಚಾರವಲ್ಲ, ಅಜ್ಞಾನ.

ಇನ್ನು ಗುಮ್ಮಟಗಳ ಮಾತು. ಇಲ್ಲಿ ರಾಣಿ ಮಹಾದೇವಮ್ಮನೊಡನೆ ಮಲಗಿರುವ ದೊಡ್ಡವೀರರಾಜೇಂದ್ರನನ್ನು ಟಿಪ್ಪು ಸುಲ್ತಾನನು ಸೆರೆಯಲ್ಲಿಟ್ಟದ್ದು ಬೆಟ್ಟದಪುರಕ್ಕೆ ಸಮೀಪದ ಪಿರಿಯಾಪಟ್ಟಣದಲ್ಲಿ. 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡ ಈ ಅರಸನು ಟಿಪ್ಪುವಿನೊಡನೆ ಹೋರಾಡಿ ರಾಜ್ಯವನ್ನು ಮರಳಿ ಪಡೆದನು. ಆದರೂ ಅವನ ಸಮಾಧಿಯ ಮೇಲೆ ನಿಂತಿರುವುದು ಶ್ರೀರಂಗಪಟ್ಟಣದ ಗುಂಬಜನ್ನು ನೆನಪಿಗೆ ತರುವ ಗುಮ್ಮಟ. ಅದರ ಮೂಲೆಗಳಲ್ಲಿ ಕುಳಿತಿರುವುದು ನಂದಿ. 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರನಿಗೆ ಮಗ ಚಿಕ್ಕವೀರರಾಜೇಂದ್ರನು ಕಟ್ಟಿಸಿದ ಗದ್ದುಗೆಯೂ ಇದೇ ಬಗೆಯದು. ಹಗೆಯನ್ನು ಅನುಭವಿಸಿದವರ ಮನೆತನವೇ ಹಗೆಯನ್ನು ಅರಸನಿಗೆ ಬಿಟ್ಟು ಕಲೆಯನ್ನು ಉಳಿಸಿಕೊಂಡಿರುವಾಗ, ಹಗೆಯನ್ನು ಕಾಣದವರು ಗುಮ್ಮಟವನ್ನು ನೋಡಿ ಮುಖ ತಿರುಗಿಸುವುದೇಕೆ?

ಇವರಿಗಿಂತಲೂ ಅಪಾಯಕಾರಿಗಳಾದ ಮತ್ತೊಂದು ಬಗೆಯವರಿದ್ದಾರೆ. ಗುಮ್ಮಟಕ್ಕೆ ಸುಣ್ಣ ಬಳಿದರೆ ಸಾಕು, ಸುತ್ತಲಿನ ಬಯಲು ಹೋದರೆ ಹೋಗಲಿ ಎಂಬುದು ಅವರ ವಾದ. ಅರಮನೆಗಾಗಿ ಪ್ರಾಣ ಕೊಟ್ಟ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ ಇವರ ಸಮಾಧಿಗಳೂ, ರಾಜಗುರುವಿನ ಗದ್ದುಗೆಯೂ ಇರುವುದು ಅದೇ ಆವರಣದಲ್ಲಿ. ಒಡೆಯನ ಸುತ್ತ ಅವನ ಪರಿವಾರವು ಮಲಗಿರುವ ಈ ಕ್ರಮವೇ ಅಲ್ಲಿಯ ವಾಸ್ತು. ಗದ್ದುಗೆಯ ನೆಲ ಒತ್ತುವರಿಯಾಗಿದೆಯೆಂಬ ದೂರು ಬಹುಕಾಲದಿಂದಲೂ ಇದೆ. ನೆಲ ಹೋದ ಮೇಲೆ ಉಳಿಯುವ ಗುಮ್ಮಟವು, ಮನೆಗಳ ನಡುವೆ ಸಿಕ್ಕಿಕೊಂಡ ಒಂದು ಅಲಂಕಾರ ಮಾತ್ರ.

1834ರಲ್ಲಿ ರಾಜ್ಯಭ್ರಷ್ಟನಾದ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1864ರಲ್ಲಿ ತೀರಿಕೊಂಡು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣಾದಳು. ಅವಳ ಗೋರಿಯನ್ನು ಅಲ್ಲಿಯವರೆಗೂ ಹುಡುಕಿಕೊಂಡು ಹೋಗಿ ಮರುಗುವವರುಂಟು. ಅವಳ ಅಜ್ಜ ಮಲಗಿರುವ ನೆಲಕ್ಕಾಗಿ ಸಮುದ್ರವನ್ನು ದಾಟಬೇಕಾಗಿಲ್ಲ. ಮೊದಲು ಎಲ್ಲೆಯನ್ನು ಅಳೆದು ಕಲ್ಲು ನೆಡಲಿ. ಸುಣ್ಣ ಬಳಿಯುವ ಕೆಲಸ ಆಮೇಲೆ.