ಕೊಬ್ಬರಿ ಅಟ್ಟದ ಕೆಳಗೆ

ಗಾಲ್ಫೆಂಬ ಆಟವನ್ನು ನಾನು ಆಡಿದವನಲ್ಲ. ನಮ್ಮ ಅರಸೀಕೆರೆಯ ಸೀಮೆಯಲ್ಲಿ ಕೋಲು ಹಿಡಿದು ಹೊಡೆಯುವ ಆಟವೆಂದರೆ ಚಿನ್ನಿದಾಂಡು. ಅದಕ್ಕಿಂತ ದೂರದ ವಿದ್ಯೆ ನಮಗೆ ಬೇಕಾಗಿಯೂ ಇರಲಿಲ್ಲ. ಕುರುಕುಮಾರರು ಬಾವಿಯಲ್ಲಿ ಬೀಳಿಸಿಕೊಂಡು ದ್ರೋಣಾಚಾರ್ಯರಿಂದ ತೆಗೆಸಿಕೊಂಡದ್ದು ಚೆಂಡೆಂದು ನಾವೆಲ್ಲ ಕೇಳಿದ್ದೇವಷ್ಟೆ. ಸಂಸ್ಕೃತ ಭಾರತದಲ್ಲಿ ಅಲ್ಲಿರುವ ಪದ ‘ವೀಟಾ’. ವ್ಯಾಖ್ಯಾನಕಾರನಾದ ನೀಲಕಂಠನು ಅದಕ್ಕೆ ಗೇಣುದ್ದದ, ಜವೆಗೋಧಿಯ ಆಕಾರದ ಮರದ ತುಂಡೆಂದು ಅರ್ಥ ಹೇಳಿದ್ದಾನೆ. ಅಂದರೆ ಸಾಕ್ಷಾತ್ ನಮ್ಮ ಚಿನ್ನಿ! ಇದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುವುದುಂಟು, ಹುಡುಗರು ನಗುವುದೂ ಉಂಟು. ಹಾಗೆ ನಕ್ಕವರಲ್ಲಿ ಒಬ್ಬನು ಕೆಲವು ವರ್ಷಗಳ ತರುವಾಯ ಮನೆಯ ಬಾಗಿಲಿಗೆ ಬಂದು, “ಸಾರ್, ಗಾಲ್ಫಿಗೆ ಒಂದು ಹಳೇ ಕಂಪ್ಯೂಟರು ಕಟ್ಟಿಕೊಡಬೇಕು” ಎಂದನು.

ಹಸ್ತಪ್ರತಿಗಳ ಚಿತ್ರಗಳನ್ನು ದೊಡ್ಡದಾಗಿಸಿ ಓದಲೆಂದು ನಾನು ಹಳೆಯ ಭಾಗಗಳನ್ನು ಕೂಡಿಸಿ ಯಂತ್ರವೊಂದನ್ನು ಕಟ್ಟಿಕೊಂಡಿರುವುದು ಕಾಲೇಜಿನಲ್ಲಿ ಎಲ್ಲರಿಗೂ ತಿಳಿದ ವಿಷಯ. ಆದುದರಿಂದ ಬೇಡಿಕೆಯ ಪೂರ್ವಾರ್ಧ ನನಗೆ ಅರ್ಥವಾಯಿತು. ಉತ್ತರಾರ್ಧ ಅರ್ಥವಾಗಬೇಕಾದರೆ ಒಂದು ಲೋಟ ಕಾಫಿಯ ಅವಧಿ ಬೇಕಾಯಿತು.

ಹುಡುಗನ ಊರು ಹಾರನಹಳ್ಳಿಯ ಕಡೆ. ಬಿ.ಎ. ಎರಡನೆಯ ವರ್ಷದಲ್ಲಿ ಓದು ಬಿಟ್ಟು ಬೆಂಗಳೂರಿಗೆ ಹೋದವನು ಗಾಲ್ಫಿನ ಮೈದಾನವೊಂದರಲ್ಲಿ ಕ್ಯಾಡಿಯಾದನು; ಆಡುವವರ ಕೋಲಿನ ಚೀಲ ಹೊತ್ತು ಅವರ ಹಿಂದೆ ನಡೆಯುವ ಕೆಲಸ. ನಡೆಯುತ್ತ ನಡೆಯುತ್ತ ಆಟ ಕಲಿತನು. ಬೆಂಗಳೂರಿಗೆ ಇದು ಹೊಸ ಕಥೆಯಲ್ಲ. ಅಲ್ಲಿಯ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಳೆಯದು. ಚೀಲ ಹೊತ್ತೇ ಬೆಳೆದ ಸಿ. ಮುನಿಯಪ್ಪನವರು ೨೦೦೯ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ, ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡಾಗ, ಗಾಲ್ಫೆಂದರೇನೆಂದು ತಿಳಿಯದ ನಮ್ಮ ಮನೆಯವರೂ ಬೆಳಗ್ಗೆ ಎದ್ದು ಕುಳಿತು ನೋಡಿದ್ದರು. ನಮ್ಮ ಹುಡುಗನಿಗೂ ವೃತ್ತಿಪರರ ಅರ್ಹತಾ ಸ್ಪರ್ಧೆಯಲ್ಲಿ ಒಮ್ಮೆ ನಿಲ್ಲಬೇಕೆಂಬ ಆಸೆ. ಅಷ್ಟರಲ್ಲಿ ತಂದೆ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮಗ ಊರಿಗೆ ಬಂದು ತೋಟಕ್ಕೆ ನಿಂತನು. ಹತ್ತಿರದ ಗಾಲ್ಫ್ ಮೈದಾನವೆಂದರೆ ಚಿಕ್ಕಮಗಳೂರು. ಹಸುವಿನ ಹಾಲು ಕರೆದು, ತಂದೆಯ ಮಗ್ಗುಲು ಬದಲಿಸಿ, ನೀರು ಹಾಯಿಸುವವನಿಗೆ ಅದು ಲಂಡನ್ನಿನಷ್ಟೇ ದೂರ.

ಅವನು ಚೀಲ ಹೊರುತ್ತಿದ್ದ ಮಹನೀಯರೊಬ್ಬರು ಹೊಸ ಉಪಕರಣ ಕೊಂಡಾಗ ತಮ್ಮ ಹಳೆಯದನ್ನು ಇವನಿಗೆ ಕೊಟ್ಟರು. ಅಂಗೈಯಗಲದ ಪೆಟ್ಟಿಗೆ, ಒಳಗೆ ಪುಟ್ಟದೊಂದು ರಾಡಾರು. ಅದನ್ನು ಚೆಂಡಿನ ಹಿಂದೆ ಆರೇಳು ಅಡಿ ದೂರದಲ್ಲಿಟ್ಟು, ಎಂಟು ಹತ್ತು ಅಡಿ ಮುಂದೆ ಕಟ್ಟಿದ ಬಲೆಗೆ ಚೆಂಡನ್ನು ಹೊಡೆದರೆ, ಅದು ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ, ಯಾವ ದಿಕ್ಕಿಗೆ ಹೊರಟಿತೆಂಬುದನ್ನು ಈ ಪೆಟ್ಟಿಗೆ ಅಳೆಯುತ್ತದೆ. ಆ ಅಂಕಿಗಳನ್ನು ಕಂಪ್ಯೂಟರಿಗೆ ಒಪ್ಪಿಸಿದರೆ, ಬಲೆ ಇಲ್ಲದಿದ್ದಲ್ಲಿ ಚೆಂಡು ಎಲ್ಲಿಯವರೆಗೆ ಹಾರಿ ಎಲ್ಲಿ ಉರುಳುತ್ತಿತ್ತೆಂಬುದನ್ನು ಅದು ಮೈದಾನದ ಚಿತ್ರ ಸಹಿತವಾಗಿ ತೋರಿಸುತ್ತದೆ. ಇದೇ ಮನೆಯೊಳಗಿನ ಗಾಲ್ಫು. ಜಿಎಸ್‌ಪ್ರೋ ಎಂಬ ತಂತ್ರಾಂಶ ಇದಕ್ಕೆ ಹೆಸರಾದದ್ದು. ಅದು ಫೋನಿನಲ್ಲಿ ಓಡದು. ವಿಂಡೋಸ್ ಇರುವ ಕಂಪ್ಯೂಟರೇ ಬೇಕು.

“ಹೊಸದಕ್ಕೆ ಎಂಬತ್ತು ಸಾವಿರ ಹೇಳ್ತಾರೆ ಸಾರ್. ನನ್ನ ಹತ್ತಿರ ಮೂವತ್ತೆರಡು ಇದೆ” ಎಂದನು.

ಆ ಮೂವತ್ತೆರಡು ಸಾವಿರದ ಮೂಲವನ್ನು ವಾಚಕರು ತಿಳಿಯಬೇಕು. ಪಟ್ಟಣದ ಸಂಸಾರಗಳಲ್ಲಿ ಕೊಬ್ಬರಿಯೆಂದರೆ ಡಬ್ಬದಲ್ಲಿರುವ ವಸ್ತು. ನಮ್ಮಲ್ಲಿ ಅದು ಅಟ್ಟದ ಮೇಲಿನ ತಪಸ್ಸು. ಬಲಿತ ಕಾಯಿಗಳನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೆ ಏರಿಸಿ ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಟ್ಟರೆ, ನೀರು ಆರಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಷ್ಟು ಕಾಲ ಕಾದ ಮೇಲೂ ಬೆಲೆ ನಮ್ಮ ಕೈಯಲ್ಲಿಲ್ಲ. ೨೦೨೫ರ ಹಂಗಾಮಿಗೆ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೧೦೦ ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಆ ವರ್ಷ ಮಾರುಕಟ್ಟೆ ಅದನ್ನು ಬಹಳ ಹಿಂದೆ ಹಾಕಿದ್ದರಿಂದ ಮನೆಯಲ್ಲಿ ಒಂದಿಷ್ಟು ಹಣ ಮಿಕ್ಕಿತು. ತಾಯಿ ಅದನ್ನು ಕೊಳವೆಬಾವಿಯ ಮೋಟಾರಿಗೆಂದು ಎತ್ತಿಟ್ಟಿದ್ದರು.

ನಾನು ಅವರ ಮನೆಗೆ ಹೋದಾಗ ಆಕೆ ಸುತ್ತಿಬಳಸದೆ ಕೇಳಿದರು: “ಮೇಷ್ಟ್ರೇ, ನೀವು ಓದಿಸಿದೋರು. ಇದು ಆಟವೋ, ಅನ್ನವೋ?”

ನಾನು ಅನ್ನವೆಂದು ಹೇಳಲಾರೆ. ಆಟವೆಂದು ಹೇಳಿದರೆ ಹುಡುಗನ ಮುಖ ನೋಡಲಾರೆ. “ಅಮ್ಮ, ಹಣಕ್ಕೆ ತಕ್ಕ ಯಂತ್ರ ತರುತ್ತೇನೆ, ಮೋಸ ಹೋಗಗೊಡುವುದಿಲ್ಲ. ಅಷ್ಟಕ್ಕೆ ಮಾತ್ರ ನಾನು ಹೊಣೆ” ಎಂದೆ. ಮೋಟಾರು ಇನ್ನೊಂದು ಬೇಸಗೆ ತಡೆದೀತೇ ಎಂದು ಆಕೆ ಮಗನನ್ನು ಕೇಳಿದರು. ತಡೆಯುತ್ತದೆಂದು ಅವನು ಹೇಳಿದನು. ಅವನಿಗೆ ಅದು ಗೊತ್ತಿರಲಿಲ್ಲವೆಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಹಳೆಯ ಯಂತ್ರ ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿ ಕಷ್ಟದ ಕೆಲಸ ಯಾವುದು ಎಂಬುದು. ಚೆಂಡಿನ ಹಾರಾಟದ ಲೆಕ್ಕ ಕಷ್ಟವಲ್ಲ. ಹತ್ತು ವರ್ಷದ ಹಿಂದಿನ ಕಂಪ್ಯೂಟರಿಗೂ ಅದು ಕಣ್ಣೆವೆ ಇಕ್ಕುವಷ್ಟರ ಕೆಲಸ. ಕಷ್ಟವೆಲ್ಲ ಚಿತ್ರದಲ್ಲಿ. ಸಾಧಾರಣ ಟೀವಿಯ ಪರದೆಯೆಂದರೆ ೧೯೨೦ ಸಾಲು, ೧೦೮೦ ಸಾಲು ಚುಕ್ಕೆಗಳ ರಂಗವಲ್ಲಿ; ಒಟ್ಟು ೨೦,೭೩,೬೦೦ ಚುಕ್ಕೆ. ಹುಲ್ಲು, ಮರ, ನೀರಿನ ನೆರಳು ಎಲ್ಲವನ್ನೂ ಸೇರಿಸಿ ಈ ರಂಗವಲ್ಲಿಯನ್ನು ಸೆಕೆಂಡಿಗೆ ಅರವತ್ತು ಸಲ ಅಳಿಸಿ ಬರೆಯಬೇಕು. ಬರೆಯುವುದು ಗ್ರಾಫಿಕ್ಸ್ ಕಾರ್ಡು. ‘೪ಕೆ’ ಎಂಬ ಬಗೆಯ ಟೀವಿಯಾದರೆ ಚುಕ್ಕೆಗಳು ನಾಲ್ಕು ಪಟ್ಟು, ಕಾರ್ಡಿನ ಬೆಲೆಯೂ ಹಾಗೆಯೇ ಏರುತ್ತದೆ. ಬಡವರು ಆ ದಾರಿ ಹಿಡಿಯಬಾರದು. ಅವರ ಮನೆಯಲ್ಲಿದ್ದ ಹಳೆಯ ಟೀವಿಯೇ ಸಾಕೆಂದು ತೀರ್ಮಾನಿಸಿದೆವು.

ಒಂದು ಶನಿವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಸದರ್ ಪತ್ರಪ್ಪ ರಸ್ತೆಯನ್ನು ಎಸ್.ಪಿ. ರೋಡೆಂದರೆ ಮಾತ್ರ ಆಟೋದವರಿಗೆ ತಿಳಿಯುತ್ತದೆ. ಮೊದಲ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಹಸಿರು ದೀಪಗಳು ಗಣಪತಿ ಪೆಂಡಾಲಿನಂತೆ ಉರಿಯುತ್ತಿದ್ದವು. ಜಿಟಿಎಕ್ಸ್ ೧೦೫೦ ಟಿಐ ಕಾರ್ಡು ಇದೆ, ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ ಎಂದರು. ಹುಡುಗನ ಕಣ್ಣು ಅರಳಿತು. ನಾನು ಜೇಬಿನಿಂದ ಪೆನ್‌ಡ್ರೈವು ತೆಗೆದು ಜಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶವನ್ನು ಓಡಿಸಿದೆ. ಕಾರ್ಡಿನ ಹೆಸರಿನ ಹಿಂದೆಯೇ ‘ನಕಲಿ’ ಎಂದು ಅಚ್ಚಾಯಿತು. ೨೦೧೧ರ ಕಾಲದ ಚಿಪ್ಪಿಗೆ ಹೊಸ ಹೆಸರು ಬರೆದು ಕೂಡಿಸುವ ಈ ವಿದ್ಯೆ ಲೋಕದಲ್ಲೆಲ್ಲ ಹಬ್ಬಿದೆ. ಯಜಮಾನರು, ತಮಗೂ ಹಾಗೆಯೇ ಬಂತೆಂದರು. ಇರಬಹುದು. ನಾವು ಕೈಮುಗಿದು ಹೊರಬಂದೆವು.

ಹೊಳೆಯದ ಯಂತ್ರಗಳೇ ನಮಗೆ ಬೇಕಾದವು. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಸಾಲಾಗಿ ಹೊರಹಾಕುವ ಕಛೇರಿ ಯಂತ್ರಗಳು ಕಪ್ಪಾಗಿ, ಸಪ್ಪಗೆ, ಗಟ್ಟಿಯಾಗಿರುತ್ತವೆ. ಆದರೆ ಅಲ್ಲಿಯೂ ಎಚ್ಚರ ಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆಯಾದರೂ ಬೇಕು. ಆರನೆಯ, ಏಳನೆಯ ಪೀಳಿಗೆಯವು ಕಡಿಮೆ ಬೆಲೆಗೆ ರಾಶಿ ಬಿದ್ದಿರುವುದು ಈ ಕಾರಣದಿಂದಲೇ. ಇನ್ನೊಂದು, ಪೆಟ್ಟಿಗೆ ಸಣ್ಣದಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಹಿಡಿಸುವುದಿಲ್ಲ. ಟವರ್ ಎಂಬ ಎತ್ತರದ ಪೆಟ್ಟಿಗೆಯನ್ನೇ ಕೇಳಬೇಕು. ಎಂಟನೆಯ ಪೀಳಿಗೆಯ ಐ೫ ಪ್ರೊಸೆಸರು, ೧೬ ಜಿಬಿ ಮೆಮೊರಿ, ೨೫೬ ಜಿಬಿ ಎಸ್‌ಎಸ್‌ಡಿ ಇದ್ದ ಟವರೊಂದು ೧೪,೫೦೦ಕ್ಕೆ ಕುದುರಿತು.

ಕಾರ್ಡಿಗೆ ಮೂರು ಅಂಗಡಿ ಅಲೆದೆವು. ೨೦೨೨ರ ಸೆಪ್ಟೆಂಬರಿನವರೆಗೆ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಜನರು ಇಂಥ ಕಾರ್ಡುಗಳನ್ನು ಹಗಲಿರುಳು ದುಡಿಸಿದರು. ಆ ಪದ್ಧತಿ ನಿಂತ ಮೇಲೆ ದಣಿದ ಕಾರ್ಡುಗಳು ಹಳೆಯ ಮಾರುಕಟ್ಟೆಗೆ ಬಂದವು. ದಣಿದದ್ದೆಲ್ಲ ಕೆಟ್ಟದ್ದಲ್ಲ. ಗಾಣದೆತ್ತಿನಂತೆ ಒಂದೇ ಗತಿಯಲ್ಲಿ ನಡೆದದ್ದು ಚೆನ್ನಾಗಿಯೇ ಉಳಿದಿರುವುದುಂಟು. ಮೊದಲು ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿನ ಮೇಲೆ ಸವರಿದ ಪೇಸ್ಟು. ಇಪ್ಪತ್ತು ನಿಮಿಷ ಪೂರ್ಣ ಭಾರ ಹೊರಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ. ಮೊದಲನೆಯದು ೮೩ ಡಿಗ್ರಿಗೆ ಏರಿ ಉಸಿರು ಕಟ್ಟಿ ವೇಗ ಇಳಿಸಿತು. ಎರಡನೆಯದರ ಫ್ಯಾನು ಗೊರಕೆ ಹೊಡೆಯಿತು. ಮೂರನೆಯದು ಜಿಟಿಎಕ್ಸ್ ೧೦೭೦, ೮ ಜಿಬಿಯದು. ೭೪ ಡಿಗ್ರಿಯಲ್ಲಿ ನೆಮ್ಮದಿಯಾಗಿ ನಿಂತಿತು. ೨೦೧೬ರಲ್ಲಿ ಬಂದ ಮಾದರಿ. ಹುಡುಗನು ಆಗ ಇನ್ನೂ ಹೈಸ್ಕೂಲಿನಲ್ಲಿದ್ದನು. ೯,೦೦೦ ಕೊಟ್ಟು, ಏಳು ದಿನದೊಳಗೆ ಕೆಟ್ಟರೆ ಬದಲಾಯಿಸುವುದಾಗಿ ಬಿಲ್ಲಿನ ಹಿಂದೆ ಬರೆಸಿಕೊಂಡೆ.

ಒಂದು ವಸ್ತುವನ್ನು ಮಾತ್ರ ಹಳೆಯದು ಕೊಳ್ಳಲಿಲ್ಲ. ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಹೋಗದೆ ಉಳಿದವರನ್ನೂ ಕರೆದುಕೊಂಡು ಹೋಗುತ್ತದೆ. ಕಛೇರಿ ಯಂತ್ರದೊಳಗಿನದು ೨೬೦ ವಾಟಿನದು. ಈ ಕಾರ್ಡೊಂದೇ ೧೫೦ ವಾಟು ನುಂಗುತ್ತದೆ. ಹೊಸದಾದ ೫೫೦ ವಾಟಿನದಕ್ಕೆ ೩,೮೦೦ ಕೊಟ್ಟೆವು. ಕಛೇರಿ ಯಂತ್ರದ ತಂತಿಯ ಮೂತಿಯೇ ಬೇರೆ, ಅದಕ್ಕೊಂದು ಜೋಡಣೆಯ ತಂತಿ ೬೦೦. ಪೇಸ್ಟು ಮತ್ತು ಶುಚಿಮಾಡುವ ಕೂಲಿ ೩೦೦. ನಮ್ಮ ಹಳ್ಳಿಗಳ ಕರೆಂಟಿನ ಗುಣವನ್ನು ನೆನೆದು ೩,೨೦೦ಕ್ಕೆ ಒಂದು ಯುಪಿಎಸ್. ಒಟ್ಟು ೩೧,೪೦೦. ಮಿಕ್ಕ ಆರುನೂರರಲ್ಲಿ ರೈಲಿನ ಚೀಟಿ, ಆಟೋ, ಎರಡು ಮಸಾಲೆದೋಸೆ.

ತಂತ್ರಾಂಶದ ಬಾಡಿಗೆಯನ್ನು ನಾನು ಮರೆತಿಲ್ಲ. ವರ್ಷಕ್ಕೆ ೨೫೦ ಡಾಲರು. ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲೆ. ಯಂತ್ರವನ್ನು ಹಳೆಯದು ಕೊಳ್ಳಬಹುದು, ಬಾಡಿಗೆಯನ್ನು ಹಳೆಯದು ಕೊಳ್ಳಲಾಗದು! ಇದನ್ನು ಮೊದಲೇ ಹೇಳದಿದ್ದರೆ ತಾಯಿಗೆ ಕೊಟ್ಟ ಮಾತಿಗೆ ಮೋಸವಾಗುತ್ತಿತ್ತೆಂದು ನಾನು ಹೊರಡುವ ಮುನ್ನವೇ ಎತ್ತಿದ್ದೆ. ಮೊದಲ ವರ್ಷದ್ದನ್ನು ಪೆಟ್ಟಿಗೆ ಕೊಟ್ಟ ಮಹನೀಯರೇ ಕಟ್ಟಿದ್ದರು. ಹುಡುಗನು ಅದನ್ನು ಸಾಲವೆಂದು ಡೈರಿಯಲ್ಲಿ ಬರೆದುಕೊಂಡಿದ್ದನು.

ಎಲ್ಲವೂ ಸರಿಹೋಯಿತೆನ್ನುವಷ್ಟರಲ್ಲಿ ತೊಡಕು ಬಂದದ್ದು ಮನೆಯಲ್ಲಿ. ಕೋಲನ್ನು ತಲೆಯ ಮೇಲೆ ಬೀಸಲು ಒಂಬತ್ತು ಹತ್ತು ಅಡಿಯಾದರೂ ಎತ್ತರ ಬೇಕು. ಗೋಡೆಯುಳ್ಳ ಜಾಗವೆಂದರೆ ಕೊಬ್ಬರಿ ಮನೆ. ಅಲ್ಲಿ ನೆಲದಿಂದ ಅಟ್ಟಕ್ಕೆ ಏಳೂವರೆ ಅಡಿ. ಯಂತ್ರದ ಲೆಕ್ಕವನ್ನೆಲ್ಲ ಹಾಕಿದ ನಾನು ಇದನ್ನು ಅಳೆದಿರಲಿಲ್ಲ. ಹುಡುಗನು ಒಮ್ಮೆ ಕೋಲೆತ್ತಿದನು, ಅಡಿಕೆ ದಬ್ಬೆಗೆ ತಗುಲಿತು. ಮೇಲಿನಿಂದ ಒಂದಿಷ್ಟು ಧೂಳು, ನಾರು, ಇಲಿಯೊಂದು ತಿಂದುಳಿದ ಚಿಪ್ಪು ಬಿದ್ದವು. ಯಾರೂ ಮಾತಾಡಲಿಲ್ಲ.

ಅಟ್ಟವನ್ನು ಕಟ್ಟಿಸಿದವರು ಒಳಗೆ ಮಂಚದ ಮೇಲೆ ಮಲಗಿದ್ದರು. ತಾಯಿ ಒಳಗೆ ಹೋಗಿ ಏನು ಕೇಳಿದರೋ, ಅವರೇನು ಹೇಳಿದರೋ, ನಮಗೆ ಕೇಳಿಸಲಿಲ್ಲ. ಹೊರಗೆ ಬಂದು, “ಆ ಕೊನೇ ಅಂಕಣದ ಕಾಯಿ ಇಳಿಸಿ ದಬ್ಬೆ ಬಿಚ್ಚಿಕೋ ಮಗ. ಒಂದು ಅಂಕಣ ಅಷ್ಟೆ” ಎಂದರು. ಒಂದು ಅಂಕಣವೆಂದರೆ ಮುಂದಿನ ಸಲ ಅಷ್ಟು ಕೊಬ್ಬರಿ ಕಡಿಮೆ. ಆ ಲೆಕ್ಕ ಆಕೆಗೆ ನನಗಿಂತ ಚೆನ್ನಾಗಿ ಬರುತ್ತದೆ.

ಎರಡು ದಿನ ಹಿಡಿಯಿತು. ಸುಣ್ಣದ ಗೋಡೆಯ ಮುಂದೆ ಹಳೆಯ ಜಮಖಾನ, ಅದರ ಮುಂದೆ ಒಂದಡಿ ಬಿಟ್ಟು ಸಡಿಲವಾಗಿ ಬಲೆ. ಸಡಿಲವಾಗಿಯೇ ಇರಬೇಕು, ೪೫.೯೩ ಗ್ರಾಮಿಗೆ ಮೀರದ ಆ ಚೆಂಡು ನುರಿತವರ ಕೈಯಿಂದ ಗಂಟೆಗೆ ೨೫೦ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತದೆ, ಬಿಗಿದ ಬಲೆಗೆ ಬಡಿದರೆ ಹೊಡೆದವನ ಹಲ್ಲನ್ನೇ ಹುಡುಕಿಕೊಂಡು ಬರುತ್ತದೆ. ಕಂಪ್ಯೂಟರನ್ನು ನಾರಿನ ಧೂಳಿಗೆ ದೂರವಾಗಿ ಕಲ್ಲುಚಪ್ಪಡಿಯ ಮೇಲಿಟ್ಟು, ಗಾಳಿ ಹೋಗುವ ಕಿಂಡಿಗೆ ತೆಳುಬಟ್ಟೆ ಕಟ್ಟಿ, ತಿಂಗಳಿಗೊಮ್ಮೆ ಬಿಚ್ಚಿ ಒರೆಸಬೇಕೆಂದು ಹುಡುಗನಿಗೆ ತಾಕೀತು ಮಾಡಿದೆ.

ಸಂಜೆ ಮೊದಲ ಹೊಡೆತ. ಬಲೆ ಒಮ್ಮೆ ಉಬ್ಬಿ ಇಳಿಯಿತು. ಟೀವಿಯಲ್ಲಿ ಚೆಂಡು ಯಾವುದೋ ದೇಶದ ಆಕಾಶಕ್ಕೆ ಏರಿ, ಬಲಕ್ಕೆ ಬಾಗಿ, ಹಸಿರಿನ ಮೇಲೆ ಉರುಳುತ್ತ ಹೋಯಿತು. ಚಿತ್ರ ಎಲ್ಲಿಯೂ ತಡವರಿಸಲಿಲ್ಲ. ಹುಡುಗನು ಅಂಕಿಗಳನ್ನು ನೋಡಿ, ಬಲಗೈ ಹಿಡಿತ ಸಡಿಲಾಗಿದೆ ಸಾರ್ ಎಂದು, ಇನ್ನೊಂದು ಚೆಂಡಿಟ್ಟನು. ತಾಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ಪರದೆಯನ್ನೇ ನೋಡಿದರು.

“ಅಷ್ಟು ಹುಲ್ಲಿದೆ, ಒಂದು ದನಾನೂ ಇಲ್ವಲ್ಲ ಮೇಷ್ಟ್ರೇ” ಎಂದು ಹೇಳಿ, ಹಾಲು ಕರೆಯುವ ಹೊತ್ತಾಯಿತೆಂದು ಕೊಟ್ಟಿಗೆಯ ಕಡೆ ನಡೆದರು.