ತೊಡೆಯ ಮೇಲಿನ ಒಲೆ

ಕಳೆದ ಬೇಸಿಗೆಯಲ್ಲಿ ತಾಯಿಯೊಬ್ಬರು ಎಂಜಿನಿಯರಿಂಗ್ ಓದುತ್ತಿರುವ ಮಗನನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಹುಡುಗನ ಎಡತೊಡೆಯ ಮೇಲೆ ಮೀನಿನ ಬಲೆ ಹರಡಿದಂತೆ ಕಂದು ಗೆರೆಗಳು. ನೋವಿಲ್ಲ, ಹೇಳಿಕೊಳ್ಳುವಂಥ ತುರಿಕೆಯೂ ಇಲ್ಲ. ಎರಡು ಮೂರು ಬಗೆಯ ಮುಲಾಮು ಹಚ್ಚಿ ಆಗಿತ್ತು. ‘ರಕ್ತದ ಕಾಯಿಲೆ ಏನಾದ್ರೂ ಇರಬಹುದಾ ಡಾಕ್ಟ್ರೇ?’ ಎಂದು ತಾಯಿಗೆ ಗಾಬರಿ.

‘ರಾತ್ರಿ ಹೊತ್ತು ಏನು ಮಾಡ್ತೀಯಪ್ಪಾ?’ ಎಂದು ಕೇಳಿದೆ. ಮಂಚದ ಮೇಲೆ ಕಾಲು ಚಾಚಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಟ ಆಡುತ್ತೇನೆ ಎಂದ. ದಿನಕ್ಕೆ ಮೂರು ನಾಲ್ಕು ಗಂಟೆ. ರಕ್ತ ಪರೀಕ್ಷೆಯ ಅಗತ್ಯ ಬೀಳಲಿಲ್ಲ.

ಚರ್ಮ ಸುಡುವಷ್ಟು ಬಿಸಿಯಲ್ಲದ, ಆದರೆ ದಿನವೂ ಒಂದೇ ಜಾಗಕ್ಕೆ ತಾಗುವ ಕಾವಿನಿಂದ ಬರುವ ಕಲೆ ಇದು. ಸುಮಾರು 43ರಿಂದ 47 ಡಿಗ್ರಿ ಸೆಲ್ಸಿಯಸ್ ಶಾಖ ಇದಕ್ಕೆ ಸಾಕು. ಕಾಯಿಲೆ ಹೊಸದೇನಲ್ಲ. ಬೆಂಕಿಯ ಮುಂದೆ ಗಂಟೆಗಟ್ಟಲೆ ಕಾಲು ಕಾಯಿಸಿಕೊಳ್ಳುವವರಲ್ಲಿ, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡೇ ಮಲಗುವವರಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಕಂಡಿದ್ದಾರೆ. ಕಾಶ್ಮೀರದವರು ಚಳಿಗಾಲದಲ್ಲಿ ಉಡುಪಿನೊಳಗೆ ಇಟ್ಟುಕೊಳ್ಳುವ ಕೆಂಡದ ಕಾಂಗಡಿಯಿಂದಲೂ ಇಂಥ ಕಲೆ ಬರುತ್ತದೆ. ಈಗ ಕಾಂಗಡಿಯ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ, ಅಷ್ಟೆ. 2010ರಲ್ಲಿ ಸ್ವಿಟ್ಜರ್ಲೆಂಡಿನ ಚರ್ಮವೈದ್ಯರು ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ 12 ವರ್ಷದ ಬಾಲಕನೊಬ್ಬನ ವಿಷಯ ಬರೆದಿದ್ದರು. ಯಂತ್ರದ ಎಡಭಾಗ ಬಿಸಿಯಾಗುವುದು ಅವನಿಗೆ ಗೊತ್ತಿತ್ತು. ಆದರೂ ಜಾಗ ಬದಲಿಸದೆ ತಿಂಗಳುಗಟ್ಟಲೆ ಆಡಿದ್ದ.

ಆರಂಭದಲ್ಲೇ ಕಾವನ್ನು ದೂರವಿಟ್ಟರೆ ಕಲೆ ಕೆಲವು ತಿಂಗಳಲ್ಲಿ ಮಾಸುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಶಾಶ್ವತವಾಗಿ ಉಳಿಯಬಹುದು. ಕಾಂಗಡಿಯಿಂದ ಚರ್ಮದ ಕ್ಯಾನ್ಸರ್ ಆದದ್ದನ್ನು ವೈದ್ಯರು 19ನೇ ಶತಮಾನದಲ್ಲೇ ದಾಖಲಿಸಿದ್ದಾರೆ. ಹಾಗೆಂದು ನಾಲ್ಕು ದಿನ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಕ್ಕೆ ಹೆದರಬೇಕಿಲ್ಲ. ಅಭ್ಯಾಸ ಬಿಟ್ಟರೆ ಸಾಕು.

ಆದರೆ ಹುಡುಗನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಅರ್ಧ ತಪ್ಪು ನಡೆದದ್ದು ಲ್ಯಾಪ್‌ಟಾಪ್ ಕೊಂಡ ದಿನ. ‘ತೆಳ್ಳಗಿರಬೇಕು, ಹಗುರವಾಗಿರಬೇಕು, ದೊಡ್ಡ ಗ್ರಾಫಿಕ್ಸ್ ಇರಬೇಕು’ ಎಂದು ಮಗ ಕೇಳಿದ. ಸಾಲ ಮಾಡಿ ಅಪ್ಪ ಕೊಡಿಸಿದರು. ಶಕ್ತಿ, ತಂಪು, ಹಗುರ ಈ ಮೂರೂ ಒಂದೇ ಪೆಟ್ಟಿಗೆಯಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಏಕೆ ಸಿಗುವುದಿಲ್ಲ? ಯಂತ್ರ ಕುಡಿಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಬರೆಯಲು, ಪಾಠ ಕೇಳಲು ಬಳಸುವ ತೆಳು ಲ್ಯಾಪ್‌ಟಾಪಿನ ಮುಖ್ಯ ಚಿಪ್ಪನ್ನು ಸಾಮಾನ್ಯವಾಗಿ 15 ವಾಟ್ ಆಸುಪಾಸಿಗೆ ಹೊಂದಿಸಿರುತ್ತಾರೆ. ಆಟದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಒಂದೇ 60 ವಾಟಿನಿಂದ 100 ವಾಟಿಗೂ ಮೇಲೆ ಎಳೆಯುತ್ತದೆ. ಹಳೆಯ 60 ವಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ. ಈ ಶಾಖವನ್ನು ತಾಮ್ರದ ಕೊಳವೆಗಳು ಅಂಚಿಗೆ ಒಯ್ಯುತ್ತವೆ, ಫ್ಯಾನ್ ಹೊರಗೆ ಊದುತ್ತದೆ. ಪೆಟ್ಟಿಗೆ ತೆಳುವಾದಷ್ಟೂ ಫ್ಯಾನ್ ಚಿಕ್ಕದಾಗುತ್ತದೆ. ಚಿಕ್ಕ ಫ್ಯಾನ್ ಜೋರಾಗಿ ತಿರುಗಬೇಕು, ಅರಚಬೇಕು. ಅದೂ ಸಾಲದೆ ಒಳಗಿನ ಬಿಸಿ ನೂರು ಡಿಗ್ರಿಯ ಹತ್ತಿರ ಬಂದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಶಕ್ತಿಗೆಂದು ಕೊಟ್ಟ ದುಡ್ಡು ಅಲ್ಲಿಗೆ ನಷ್ಟ. ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ ಎಂಬುದೂ ನೆನಪಿರಲಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಮನೆಯಲ್ಲಿ ಆ ಗಾಳಿ ಎಷ್ಟು ತಂಪು ಮಾಡೀತು?

ದೇಹದ ಮೇಲಿನ ಪರಿಣಾಮ ಚರ್ಮಕ್ಕೆ ಮುಗಿಯುವುದಿಲ್ಲ. ಗಂಡಸರ ವೃಷಣಗಳಿಗೆ ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಉಷ್ಣಾಂಶ ಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 29 ಆರೋಗ್ಯವಂತ ಯುವಕರು ತೊಡೆಗಳನ್ನು ಜೋಡಿಸಿ, ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಗಂಟೆ ಕುಳಿತಾಗ ಅಲ್ಲಿಯ ಉಷ್ಣಾಂಶ ಎರಡೂವರೆ ಡಿಗ್ರಿಗೂ ಹೆಚ್ಚು ಏರಿತ್ತು. ಲ್ಯಾಪ್‌ಟಾಪ್ ಇಲ್ಲದೆ ಹಾಗೆ ಕುಳಿತರೂ ಎರಡು ಡಿಗ್ರಿಯಷ್ಟು ಏರಿತ್ತು. ಇದರಿಂದಲೇ ಮಕ್ಕಳಾಗುವುದಿಲ್ಲ ಎಂದು ಸಾಬೀತಾಗಿಲ್ಲ. ಆದರೆ ಮದುವೆಯಾಗಿ ಮಗುವಿಗಾಗಿ ಕಾಯುತ್ತಿರುವವರು ಈ ಅಭ್ಯಾಸವನ್ನು ಇಂದೇ ಬಿಡುವುದು ಜಾಣತನ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕುಂದಿರುವ ಹಿರಿಯರು ಬಿಸಿ ಯಂತ್ರವನ್ನು ಮೈಮೇಲೆ ಇಟ್ಟುಕೊಳ್ಳಲೇಬಾರದು. ಅವರಿಗೆ ಸುಟ್ಟದ್ದೂ ತಿಳಿಯದು.

ಕಿವಿಯ ಮಾತೂ ಇದೆ. ಫ್ಯಾನಿನ ಸದ್ದು ಕಿವಿಯನ್ನು ಕೆಡಿಸುವಷ್ಟು ಇರುವುದಿಲ್ಲ. ಆದರೆ ಅದನ್ನು ಮುಚ್ಚಲು ಮಕ್ಕಳು ಹೆಡ್‌ಫೋನಿನ ಸದ್ದು ಏರಿಸುತ್ತಾರಲ್ಲ, ತೊಂದರೆ ಅದರಿಂದ.

ಇನ್ನು ಹೆಗಲು. ತೆಳು ಲ್ಯಾಪ್‌ಟಾಪ್ ಒಂದೂಕಾಲು ಕಿಲೋ ಇದ್ದರೆ, ಆಟದ್ದು ಎರಡೂಕಾಲು ಎರಡೂವರೆ ಕಿಲೋ ತೂಗುತ್ತದೆ. ಅದರ ಚಾರ್ಜರೇ ಇಟ್ಟಿಗೆಯಂತೆ. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯು ಚೀಲದ ಭಾರ ವಿದ್ಯಾರ್ಥಿಯ ತೂಕದ ಶೇ 10ನ್ನು ಮೀರಬಾರದು ಎನ್ನುತ್ತದೆ. 45 ಕಿಲೋ ತೂಗುವ ಹುಡುಗಿ ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿಯ ಜೊತೆ ಇದನ್ನೂ ಹೊತ್ತು ಬಸ್ಸಿನಲ್ಲಿ ನಿಂತರೆ ಆ ಲೆಕ್ಕ ಎಲ್ಲಿ ಉಳಿಯಿತು? ನೀತಿ ಶಾಲೆಯ ಮಕ್ಕಳಿಗೆ ಇರಬಹುದು, ಬೆನ್ನುಮೂಳೆಗೆ ಕಾಲೇಜು ಬೇರೆಯಲ್ಲ.

ಹಾಗಾದರೆ ಏನು ಕೊಳ್ಳಬೇಕು? ಮೊದಲು ಕೆಲಸ ಯಾವುದೆಂದು ಕೇಳಿ. ಬರವಣಿಗೆ, ಪಾಠ, ಸಾಮಾನ್ಯ ಪ್ರೋಗ್ರಾಮಿಂಗ್ ಇಷ್ಟೇ ಆದರೆ ಪ್ರತ್ಯೇಕ ಗ್ರಾಫಿಕ್ಸ್ ಬೇಕಿಲ್ಲ. ಹಗುರವಾದ, ತಂಪಾದ ಯಂತ್ರ ಸಾಕು. ಸಣ್ಣಪುಟ್ಟ ಆಟವೂ ಅದರಲ್ಲಿ ನಡೆಯುತ್ತದೆ. ವಾಸ್ತುಶಿಲ್ಪ, ಆನಿಮೇಷನ್ ಓದುವವರಿಗೆ ಶಕ್ತಿ ಬೇಕೇ ಬೇಕು. ಅವರು ತೆಳುವಿನ ಆಸೆ ಬಿಟ್ಟು, ಸ್ವಲ್ಪ ದಪ್ಪನೆಯ, ದೊಡ್ಡ ಫ್ಯಾನಿನ ಯಂತ್ರ ಕೊಂಡು ಮೇಜಿನ ಮೇಲೇ ಇಡಲಿ. ಮನೆಯಲ್ಲಿ ಆಡಲಿಕ್ಕಷ್ಟೇ ಆದರೆ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಇನ್ನೂ ಒಳ್ಳೆಯದು. ಶಕ್ತಿ ಹೆಚ್ಚು, ತಂಪು ಹೆಚ್ಚು, ಪರದೆ ಕಣ್ಣಿನ ಎತ್ತರಕ್ಕೆ ಇರುವುದರಿಂದ ಕುತ್ತಿಗೆಯೂ ಬಗ್ಗುವುದಿಲ್ಲ. ಅಂಗಡಿಯಲ್ಲಿ ಸಂಕೋಚಪಡದೆ ಹದಿನೈದು ಇಪ್ಪತ್ತು ನಿಮಿಷ ಆಟ ಓಡಿಸಿ ತೋರಿಸಲು ಹೇಳಿ. ಆಮೇಲೆ ಯಂತ್ರದ ಅಡಿಭಾಗ ಮುಟ್ಟಿ ನೋಡಿ. ಜಾಹೀರಾತಿಗಿಂತ ನಿಮ್ಮ ಅಂಗೈ ನಿಜ ಹೇಳುತ್ತದೆ.

ಈಗಾಗಲೇ ಕೊಂಡಿದ್ದರೆ ಇಷ್ಟು ಮಾಡಿ. ಗಟ್ಟಿಯಾದ ಹಲಗೆ ಅಥವಾ ಮೇಜಿನ ಮೇಲೇ ಬಳಸಿ. ಹಾಸಿಗೆ, ದಿಂಬು ಗಾಳಿಯ ಕಿಂಡಿಗಳನ್ನು ಮುಚ್ಚುತ್ತವೆ. ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ. ಆಟದ ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಬಿಸಿಯೂ ಸದ್ದೂ ಇಳಿಯುತ್ತವೆ. ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ. ಚೀಲವನ್ನು ಎರಡೂ ಹೆಗಲಿಗೆ ಹಾಕಿಕೊಳ್ಳಿ.

ಆ ಹುಡುಗನಿಗೆ ನಾನು ಔಷಧ ಬರೆಯಲಿಲ್ಲ. ‘ಮನೆಯಲ್ಲಿ ಮೇಜು ಇದೆಯಾ?’ ಎಂದು ಕೇಳಿದೆ. ತಾಯಿ ತಲೆ ತಗ್ಗಿಸಿದರು. ಇರಲಿಲ್ಲ. ದುಬಾರಿ ಯಂತ್ರಕ್ಕೆ ಸಾಲ ಮಾಡುವ ನಾವು, ಅದನ್ನು ಇಡಲು ಒಂದು ಮೇಜು ಮತ್ತು ಕುರ್ಚಿ ಬೇಕೆಂಬುದನ್ನು ಮರೆಯುತ್ತೇವೆ. ಅದಕ್ಕೇ ನನ್ನ ಸಲಹೆ: ಲ್ಯಾಪ್‌ಟಾಪ್ ಕೊಳ್ಳುವ ಹಣದಲ್ಲಿ ಮೊದಲು ಮೇಜಿನ ದುಡ್ಡು ತೆಗೆದಿಡಿ. ಉಳಿದದ್ದಕ್ಕೆ ಬರುವ ಯಂತ್ರ ಸ್ವಲ್ಪ ಕಡಿಮೆ ಶಕ್ತಿಯದಾದರೂ ಚಿಂತೆಯಿಲ್ಲ. ಆರು ತಿಂಗಳ ನಂತರ ಹುಡುಗ ಮತ್ತೆ ಬಂದಾಗ ತೊಡೆಯ ಗೆರೆಗಳು ಮುಕ್ಕಾಲು ಪಾಲು ಮಾಸಿದ್ದವು.